ಈ ಹೆಂಗಸನ್ನು ನೋಡುತ್ತೀಯಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದಿನ ಮಾತು. ಭಾನುವಾರದ ಆರಾಧನೆ ಮುಗಿದು ಜನ ಚದುರಿದ್ದರು. ನಾನು ಪಕ್ಕದ ಕೋಣೆಯಲ್ಲಿ ನಿಲುವಂಗಿ ಕಳಚಿ ಮೊಳೆಗೆ ನೇತುಹಾಕುತ್ತಿದ್ದೆ. ನಮ್ಮ ಸಭೆಯ ಒಬ್ಬ ಹೆಣ್ಣುಮಗಳು ಬಾಗಿಲ ಬಳಿ ಬಂದು ನಿಂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯನವರೇ, ನನ್ನ ಮುಖದಲ್ಲಿ ಏನಾದರೂ ಬದಲಾವಣೆ ಕಾಣುತ್ತಿದೆಯೇ?" ಎಂದು ಕೇಳಿದರು. ನೋಡಿದೆ. "ಹೊಸ ಕನ್ನಡಕ ಹಾಕಿದ್ದೀರಲ್ಲಮ್ಮಾ" ಎಂದೆ. ಅಷ್ಟಕ್ಕೇ ಆಕೆಯ ಕಣ್ಣು ತುಂಬಿಬಂತು. "ಹಾಕಿಕೊಂಡು ಹನ್ನೊಂದು ದಿನವಾಯಿತು. ನಮ್ಮ ಮನೆಯವರಿಗೆ ಇನ್ನೂ ಕಂಡಿಲ್ಲ" ಎಂದರು.

ಉಳಿದದ್ದನ್ನು ಆಕೆ ತಡೆದು ತಡೆದು ಹೇಳಿದರು. ಗಂಡ ಒಳ್ಳೆಯವನು. ಕುಡಿತವಿಲ್ಲ, ಹೊಡೆತವಿಲ್ಲ, ಸಂಬಳ ತಂದು ಮನೆಗೇ ಕೊಡುತ್ತಾನೆ. ಆದರೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್ ಹಿಡಿದು ಕೂರುತ್ತಾನೆ. ಏನು ನೋಡುತ್ತಾನೆಂದು ಆಕೆಗೆ ಗೊತ್ತಾಗಿ ಒಂದು ವರ್ಷ ಕಳೆದಿತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. "ನನ್ನಲ್ಲಿ ಏನು ಕಡಿಮೆಯಾಗಿದೆ ಅಯ್ಯನವರೇ?" ಎಂದು ಕೇಳಿದರು.

ಆ ದಂಪತಿಯ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಹೇಳುತ್ತಿದ್ದೇನೆ. ಅವರ ಊರು, ಉದ್ಯೋಗ ಯಾವುದನ್ನೂ ಹೇಳುವುದಿಲ್ಲ. ಆಕೆ ಕೇಳಿದ ಆ ಪ್ರಶ್ನೆ ಮಾತ್ರ ನನ್ನನ್ನು ಬಿಡದೆ ಕಾಡಿತು. ಅಶ್ಲೀಲ ಚಿತ್ರಗಳನ್ನು ನೋಡುವುದು ಪಾಪ ಎಂದು ವೇದಿಕೆಯ ಮೇಲೆ ನಿಂತು ನಾನು ಎಷ್ಟೋ ಸಲ ಹೇಳಿದ್ದೆ. ಯಾಕೆ ಪಾಪ, ಅದರಿಂದ ಯಾರಿಗೆ ಏನು ಕಳೆದುಹೋಗುತ್ತದೆ ಎಂಬುದನ್ನು ಆ ಹನ್ನೊಂದು ದಿನಗಳ ಲೆಕ್ಕ ನನಗೆ ಕಲಿಸಿತು.

ನಮ್ಮ ಕನ್ನಡದಲ್ಲಿ ನೋಟದ ಬಗ್ಗೆ ಬಹಳ ಮಾತುಗಳಿವೆ. ಕಣ್ಣು ಬಿತ್ತು ಎನ್ನುತ್ತೇವೆ, ಕಣ್ಣು ಹಾಕಿದ ಎನ್ನುತ್ತೇವೆ. ಮಗುವಿಗೆ ದೃಷ್ಟಿ ತಾಗಿತೆಂದು ಅಜ್ಜಿಯರು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಆ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೂ ಅದರೊಳಗೆ ಒಂದು ಅರಿವು ಇದೆ: ನೋಟವೆಂಬುದು ಬರಿಯ ನೋಟವಲ್ಲ, ಅದು ನೋಡಿಸಿಕೊಂಡವರನ್ನು ತಟ್ಟುತ್ತದೆ. ಯೇಸುಸ್ವಾಮಿ ಪರ್ವತ ಪ್ರಸಂಗದಲ್ಲಿ ಹೇಳಿದ್ದು ಇದಕ್ಕಿಂತ ಹರಿತವಾಗಿದೆ. ಒಬ್ಬ ಹೆಂಗಸನ್ನು ಮೋಹಿಸಬೇಕೆಂದೇ ನೋಡುವವನು ಆಗಲೇ ತನ್ನ ಹೃದಯದಲ್ಲಿ ಆಕೆಯೊಂದಿಗೆ ವ್ಯಭಿಚಾರ ಮಾಡಿದ್ದಾನೆ ಎಂದರು.

ಈ ಮಾತನ್ನು ಓದಿ ಹೆದರಿದ ಹುಡುಗರು ನನ್ನ ಹತ್ತಿರ ಬರುತ್ತಾರೆ. ಬಸ್ಸಿನಲ್ಲಿ ಒಬ್ಬ ಹುಡುಗಿ ಚೆಂದ ಕಂಡಳು, ನಾನು ಪಾಪ ಮಾಡಿದೆನೇ ಎಂದು ಕೇಳುತ್ತಾರೆ. ಇಲ್ಲಪ್ಪಾ ಎನ್ನುತ್ತೇನೆ. ಚೆಲುವು ಕಣ್ಣಿಗೆ ಬೀಳುವುದು ಪಾಪವಲ್ಲ. ಆಸೆ ಹುಟ್ಟುವುದೂ ಪಾಪವಲ್ಲ, ಅದು ಸೃಷ್ಟಿಕರ್ತನೇ ಮೈಯಲ್ಲಿಟ್ಟದ್ದು. ಯೇಸು ಹೇಳಿದ್ದು ಬೇರೆ ನೋಟದ ಬಗ್ಗೆ. ಎದುರಿಗಿರುವ ಮನುಷ್ಯಳನ್ನು ಮನಸ್ಸಿನೊಳಗೆ ಎಳೆದುಕೊಂಡು ತನ್ನ ಉಪಯೋಗದ ಸರಕಾಗಿ ಮಾಡಿಕೊಳ್ಳುವ ನೋಟ ಅದು. ದಾವೀದ ರಾಜ ಅರಮನೆಯ ಮಾಳಿಗೆಯಿಂದ ಬತ್ಷೆಬೆಯನ್ನು ನೋಡಿದ ನೋಟ. ಆಕೆ ಯಾರೆಂದು ಅವನು ವಿಚಾರಿಸಿದ. ಊರೀಯನ ಹೆಂಡತಿ ಎಂಬ ಉತ್ತರವೂ ಸಿಕ್ಕಿತು. ಅದು ಕಿವಿಗೆ ಬಿದ್ದರೂ ಅವನು ನಿಲ್ಲಲಿಲ್ಲ. ನೋಟದಿಂದ ಶುರುವಾದದ್ದು ಊರೀಯನ ಕೊಲೆಯಲ್ಲಿ ಮುಗಿಯಿತು.

ಇನ್ನೊಂದು ಮಾತನ್ನು ಗಮನಿಸಿ. ಯೇಸುಸ್ವಾಮಿ ಆ ಹೆಂಗಸಿಗೆ ಮುಸುಕು ಹಾಕಿಕೋ ಎಂದು ಹೇಳಲಿಲ್ಲ. ನೋಡುವವನಿಗೆ ಹೇಳಿದರು: ನಿನ್ನ ಬಲಗಣ್ಣು ನಿನ್ನನ್ನು ಪಾಪದಲ್ಲಿ ಬೀಳಿಸುವುದಾದರೆ ಅದನ್ನು ಕಿತ್ತು ಬಿಸಾಡು. ಹೊಣೆಯನ್ನೆಲ್ಲ ಅವರು ಕಣ್ಣಿನ ಯಜಮಾನನ ಮೇಲೆ ಹಾಕಿದರು. ನಾನು ಸಭಾಪಾಲಕನಾದ ಮೊದಮೊದಲ ವರ್ಷಗಳಲ್ಲಿ ಯುವಜನರ ಕೂಟಗಳಲ್ಲಿ ಹುಡುಗಿಯರನ್ನು ಬೇರೆ ಕೂರಿಸಿ ಹೇಗೆ ಉಡಬೇಕೆಂದು ಉಪದೇಶಿಸುತ್ತಿದ್ದೆ. ಹುಡುಗರನ್ನು ಕೂರಿಸಿ ಹೇಗೆ ನೋಡಬೇಕೆಂದು ಒಮ್ಮೆಯೂ ಹೇಳಲಿಲ್ಲ. ಕರ್ತನ ಮಾತನ್ನು ತಲೆಕೆಳಗು ಮಾಡಿದ ಆ ತಪ್ಪು ನನ್ನದು. ಆ ಹುಡುಗಿಯರಲ್ಲಿ ಕೆಲವರು ಈಗ ತಾಯಂದಿರು. ಅವರಲ್ಲಿ ಒಬ್ಬೊಬ್ಬರ ಬಳಿಯೂ ಕ್ಷಮೆ ಕೇಳಬೇಕೆಂದು ನನಗೆ ಅನ್ನಿಸುತ್ತದೆ. ಇಬ್ಬರ ಬಳಿ ಕೇಳಿದ್ದೇನೆ.

ಕಣ್ಣು ಕೀಳುವ ಮಾತನ್ನು ಅಕ್ಷರಶಃ ಹಿಡಿದುಕೊಂಡವರೂ ಇದ್ದರು. ಆಸೆಯನ್ನು ಗೆಲ್ಲಲೆಂದು ತಮ್ಮ ಅಂಗವನ್ನೇ ಕತ್ತರಿಸಿಕೊಂಡವರು ಆದಿ ಶತಮಾನಗಳಲ್ಲಿ ಕಂಡುಬಂದರು. 325ರಲ್ಲಿ ನೈಸಿಯದಲ್ಲಿ ಸೇರಿದ ಮಹಾಸಭೆ ಮಾಡಿದ ನಿಯಮಗಳಲ್ಲಿ ಮೊಟ್ಟಮೊದಲನೆಯದೇ ಇದರ ಬಗ್ಗೆ: ಆರೋಗ್ಯವಂತನಾಗಿದ್ದು ತನ್ನನ್ನು ತಾನೇ ಹಾಗೆ ಕತ್ತರಿಸಿಕೊಂಡವನು ಯಾಜಕನಾಗಿ ಇರಕೂಡದು. ಅದೇ ನಾಲ್ಕನೆಯ ಶತಮಾನದಲ್ಲಿ ಈಗಿನ ಟರ್ಕಿ ದೇಶದ ಗಂಗ್ರ ಎಂಬಲ್ಲಿ ಸೇರಿದ ಇನ್ನೊಂದು ಸಭೆ, ಮದುವೆಯನ್ನೂ ದಾಂಪತ್ಯದ ಕೂಟವನ್ನೂ ಹೇಯವೆನ್ನುವವರನ್ನು ಬಹಿಷ್ಕರಿಸಿತು. ಕ್ರೈಸ್ತ ಧರ್ಮಕ್ಕೆ ದೇಹವೆಂದರೆ ಅಸಹ್ಯ ಎಂದು ತಿಳಿದವರಿಗೆ, ನಮ್ಮವರಿಗೂ ಹೊರಗಿನವರಿಗೂ, ಇದನ್ನು ಹೇಳಬೇಕು.

ಆ ತಿಳಿವಳಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ದೊಡ್ಡ ದೊಡ್ಡ ಗುರುಗಳು ದಾಂಪತ್ಯದ ಸುಖವನ್ನು ಅನುಮಾನದಿಂದ ಕಂಡರು, ಸಂತಾನಕ್ಕಾಗಿ ಅದನ್ನು ಸಹಿಸಬೇಕೆಂಬಂತೆ ಬರೆದರು. ಸತ್ಯವೇದ, ಅಂದರೆ ಬೈಬಲ್, ಮಾತ್ರ ಅಂಥ ಮುಜುಗರಪಡುವುದಿಲ್ಲ. ಅದರ ಆರಂಭದಲ್ಲೇ ಆದಾಮ, ಹವ್ವ ಇಬ್ಬರೂ ಬೆತ್ತಲೆಯಾಗಿದ್ದರು, ನಾಚಿಕೊಳ್ಳಲಿಲ್ಲ ಎಂಬ ಮಾತಿದೆ. ಗಂಡ ಹೆಂಡಿರ ಕೂಟವನ್ನು ಹೇಳುವಾಗ ಹೀಬ್ರೂ ಮೂಲ ಬಳಸುವ ಕ್ರಿಯಾಪದದ ಅರ್ಥ ಅರಿಯುವುದು, ತಿಳಿಯುವುದು ಎಂದು. ಆದಾಮನು ತನ್ನ ಹೆಂಡತಿಯನ್ನು ಅರಿತನು. ಎಂಥ ಮಾತು! ನಡುವೆ ಪರಮಗೀತೆ ಎಂಬ ಪುಸ್ತಕವಿದೆ. ಅದರಲ್ಲಿ ಒಬ್ಬ ಹೆಣ್ಣು, ಒಬ್ಬ ಗಂಡು ಪರಸ್ಪರರ ಕಣ್ಣು, ಕೂದಲು, ಹಲ್ಲು, ಕೊರಳು, ಎದೆ ಎಲ್ಲವನ್ನೂ ಹೆಸರಿಟ್ಟು ಹೊಗಳುತ್ತಾರೆ. ಹೆಣ್ಣಿನ ದನಿ ಅಲ್ಲಿ ಗಂಡಿನ ದನಿಗಿಂತ ಕಡಿಮೆಯೇನಿಲ್ಲ. ತನ್ನ ಆಸೆಯನ್ನು ಅವಳೇ ಬಾಯ್ಬಿಟ್ಟು ಹೇಳುತ್ತಾಳೆ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಸಂನ್ಯಾಸಿ ಬರ್ನಾರ್ಡ್ ತನ್ನ ಮಠದ ಬ್ರಹ್ಮಚಾರಿಗಳಿಗೆ ಈ ಗೀತೆಯ ಮೇಲೆ 86 ಪ್ರಸಂಗಗಳನ್ನು ಮಾಡಿದ. ಅಷ್ಟಾದರೂ ಮೂರನೆಯ ಅಧ್ಯಾಯದ ಆರಂಭವನ್ನು ದಾಟಲಾಗಲಿಲ್ಲ, ಅಷ್ಟರಲ್ಲಿ ಅವನ ಆಯುಸ್ಸೇ ಮುಗಿಯಿತು.

ಕನ್ನಡ ಸತ್ಯವೇದದ ಅನುವಾದಕರಿಗೆ ನಾನು ಎರಡು ಪದಗಳಿಗಾಗಿ ಕೈಮುಗಿಯುತ್ತೇನೆ. ದೇವರ ವಾಕ್ಯವು ದೇಹ ಧರಿಸಿತು ಎಂಬಲ್ಲಿ ಅವರು ನರಾವತಾರ ಎಂಬ ಪದವನ್ನು ಇಟ್ಟರು. ನಿಮ್ಮ ದೇಹ ಪವಿತ್ರಾತ್ಮನ ಆಲಯ ಎಂದು ಆದಿ ಸಭೆಯ ಬೋಧಕನಾದ ಪೌಲನು ಕೊರಿಂಥದವರಿಗೆ ಬರೆದ ಕಡೆ ಗರ್ಭಗುಡಿ ಎಂದು ಬರೆದರು. ಗ್ರೀಕ್ ಮೂಲದ ಪದಕ್ಕೂ ದೇವಾಲಯದ ಒಳಮಂದಿರವೆಂಬ ಅರ್ಥವೇ ಇದೆ. ಗರ್ಭಗುಡಿ ಎಂದರೆ ಏನೆಂದು ನಮ್ಮ ನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಅಲ್ಲಿ ಬೆಳಕು ಕಡಿಮೆ. ಅಲ್ಲಿಗೆ ಯಾರೂ ಚಪ್ಪಲಿ ಮೆಟ್ಟಿ ನುಗ್ಗುವುದಿಲ್ಲ, ಕ್ಯಾಮೆರಾ ಒಯ್ಯುವುದಿಲ್ಲ. ಬಾಗಿಲಿಗೆ ಪರದೆ ಇರುವುದು ಒಳಗೆ ಹೊಲಸಿದೆ ಎಂದೇ? ಲೈಂಗಿಕತೆಗೆ ಮರೆ ಬೇಕೆಂದು ಕ್ರೈಸ್ತರು ಹೇಳುವುದು ಈ ಅರ್ಥದಲ್ಲಿ.

ಪೌಲನು ಆ ಪತ್ರ ಬರೆದ ಕೊರಿಂಥ ಎರಡು ರೇವುಗಳ ವ್ಯಾಪಾರದ ಪಟ್ಟಣ. ಅಂದಿನ ರೋಮನ್ ಲೋಕದಲ್ಲಿ ಗೌರವಸ್ಥನ ಹೆಂಡತಿಯನ್ನು ಮುಟ್ಟಿದರೆ ಅಪರಾಧ. ದಾಸಿಯನ್ನು, ವೇಶ್ಯೆಯನ್ನು ಮುಟ್ಟಿದರೆ ಯಾರೂ ಕೇಳುತ್ತಿರಲಿಲ್ಲ. ವೇಶ್ಯೆ ಎನ್ನಲು ಗ್ರೀಕರು ಬಳಸುತ್ತಿದ್ದ ಪದ ಪೋರ್ನೆ. ಅದರ ಮೂಲದಲ್ಲಿ ಮಾರುವುದು ಎಂಬ ಅರ್ಥವಿದೆ, ಅಂದರೆ ಮಾರಲ್ಪಟ್ಟವಳು. ಪೋರ್ನೋಗ್ರಫಿ ಎಂಬ ಇಂದಿನ ಮಾತು ಹುಟ್ಟಿದ್ದು ಅಲ್ಲಿಂದಲೇ. ಅಂಥ ಊರಿನ ಗಂಡಸರಿಗೆ ಪೌಲನು, ಹೆಂಡತಿಯ ದೇಹದ ಮೇಲೆ ಗಂಡನಿಗೆ ಹಕ್ಕಿರುವ ಹಾಗೆಯೇ ಗಂಡನ ದೇಹದ ಮೇಲೆ ಹೆಂಡತಿಗೂ ಹಕ್ಕಿದೆ ಎಂದು ಬರೆದ. ಮೊದಲರ್ಧ ಅವರಿಗೆ ಗೊತ್ತಿದ್ದದ್ದೇ. ಎರಡನೆಯ ಅರ್ಧ ಕೇಳಿ ಎಷ್ಟು ಮಂದಿ ಬೆಚ್ಚಿಬಿದ್ದರೋ.

ಮಾರಲ್ಪಟ್ಟವಳು ಎಂಬ ಅರ್ಥ ಹಳೆಯದಾಯಿತು ಎಂದುಕೊಳ್ಳಬೇಡಿ. ಪರದೆಯ ಮೇಲೆ ನಗುತ್ತಿರುವವರೆಲ್ಲ ಒಪ್ಪಿ ಬಂದವರೇ ತಾನೇ, ನೋಡಿದರೆ ಯಾರಿಗೇನು ನಷ್ಟ ಎಂದು ಆ ಗಂಡನೂ ನನ್ನನ್ನು ಕೇಳಿದ್ದ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ನ್ಯಾಯಾಲಯ 2020ರ ಜನವರಿಯಲ್ಲಿ ಕೊಟ್ಟ ಒಂದು ತೀರ್ಪಿನ ಸಂಗತಿಯನ್ನು ಅವನಿಗೆ ಹೇಳಿದೆ. ಮಾಡೆಲಿಂಗ್ ಕೆಲಸವಿದೆ ಎಂಬ ಜಾಹೀರಾತು ನೋಡಿ ಎಳೆಯ ವಯಸ್ಸಿನ ಹುಡುಗಿಯರು ಹೋಗಿದ್ದರು. ವಿಡಿಯೊ ಅಂತರ್ಜಾಲಕ್ಕೆ ಹೋಗುವುದಿಲ್ಲ, ಎಲ್ಲೋ ಆಸ್ಟ್ರೇಲಿಯ, ನ್ಯೂಜಿಲೆಂಡಿನಂಥ ದೂರದ ದೇಶದಲ್ಲಿ ಖಾಸಗಿಯವರಿಗೆ ಡಿವಿಡಿಯಾಗಿ ಮಾರಾಟವಾಗುತ್ತದೆ ಎಂದು ಅವರನ್ನು ನಂಬಿಸಲಾಗಿತ್ತು. ಹೆದರಿದವರಿಗೆ ಧೈರ್ಯ ಹೇಳಲು, ನಾನೂ ಮಾಡಿದ್ದೇನೆ, ಯಾರಿಗೂ ಗೊತ್ತಾಗಲಿಲ್ಲ ಎಂದು ಹೇಳುವ ಹೆಂಗಸರನ್ನೂ ಗೊತ್ತುಮಾಡಿದ್ದರು. ವಿಡಿಯೊಗಳು ನೇರವಾಗಿ ಅಂತರ್ಜಾಲಕ್ಕೆ ಹೋದವು. ಮನೆಯವರು, ಸಹಪಾಠಿಗಳು ಎಲ್ಲರೂ ನೋಡಿದರು. ಆ 22 ಯುವತಿಯರಿಗೆ 1 ಕೋಟಿ 20 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರವನ್ನು ನ್ಯಾಯಾಲಯ ವಿಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಗತ್ತಿನ ಬಹು ದೊಡ್ಡ ಅಶ್ಲೀಲ ಜಾಲತಾಣಗಳಲ್ಲೊಂದು, ಹಾಕಿದವರು ಯಾರೆಂದು ಖಾತರಿಪಡಿಸಿಕೊಳ್ಳದ ವಿಡಿಯೊಗಳನ್ನು ತೆಗೆದುಹಾಕಿತು. ಅವು ಸುಮಾರು ಒಂದು ಕೋಟಿ. ಆ ಒಂದು ಕೋಟಿಯಲ್ಲಿ ಒಪ್ಪಿ ಬಂದವರೆಷ್ಟು, ಮೋಸಹೋದವರೆಷ್ಟು, ಮಕ್ಕಳೆಷ್ಟು? ನೋಡುತ್ತ ಕುಳಿತವನಿಗೆ ತಿಳಿಯುವ ದಾರಿಯೇ ಇರಲಿಲ್ಲ, ತಿಳಿಯುವ ಇಚ್ಛೆಯೂ ಇರಲಿಲ್ಲ.

ಮಕ್ಕಳ ವಿಷಯದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 23ರಂದು ಹೇಳಿದ ಮಾತು ನನಗೆ ಧರ್ಮೋಪದೇಶದಷ್ಟೇ ಗಂಭೀರವಾಗಿ ಕೇಳಿಸಿತು. ಮಕ್ಕಳ ಅಶ್ಲೀಲ ಚಿತ್ರ ಎಂಬ ಮಾತನ್ನು ನ್ಯಾಯಾಲಯಗಳು ಬಳಸಬಾರದು, ಅದು ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದಿತು. ಹೆಸರು ಬದಲಾದೊಡನೆ ನೋಟವೂ ಬದಲಾಗುತ್ತದೆ. ಚಿತ್ರ ಎಂದಾಗ ನೋಡುವವನು ನೆನಪಾಗುತ್ತಾನೆ. ದೌರ್ಜನ್ಯ ಎಂದಾಗ ಮಗು ನೆನಪಾಗುತ್ತದೆ. ಇಂಥದ್ದೇನಾದರೂ ನಿಮ್ಮ ಕಣ್ಣಿಗೆ ಬಿದ್ದರೆ, ಯಾವ ಮಗುವಾದರೂ ತೊಂದರೆಯಲ್ಲಿದ್ದರೆ 1098ಕ್ಕೆ ಕರೆ ಮಾಡಿ. ದಯವಿಟ್ಟು ಯಾರಿಗೂ ಅದನ್ನು ಕಳಿಸಬೇಡಿ, ಖಂಡಿಸುವುದಕ್ಕಾಗಿ ಕೂಡ.

ಕಥೋಲಿಕ ಸಭೆಯ 1992ರ ಧರ್ಮಬೋಧೆ ಇದನ್ನೇ ಸ್ಪಷ್ಟವಾಗಿ ಹೇಳುತ್ತದೆ: ಇಬ್ಬರ ಏಕಾಂತಕ್ಕೆ ಸೇರಿದ್ದನ್ನು ಮೂರನೆಯವರ ಮುಂದೆ ಬೇಕೆಂದೇ ಹರಡಿದಾಗ ನಟಿಸುವವರು, ಮಾರುವವರು, ನೋಡುವವರು ಎಲ್ಲರ ಘನತೆಗೂ ಪೆಟ್ಟು ಬೀಳುತ್ತದೆ. ಎರಡನೆಯ ಜಾನ್ ಪಾಲ್ ಪೋಪ್ ಆಗುವುದಕ್ಕೆ ಬಹಳ ಮೊದಲೇ, 1960ರಲ್ಲಿ ಪೋಲೆಂಡಿನಲ್ಲಿ ಬರೆದ ಪುಸ್ತಕವೊಂದರ ತಿರುಳು ಇಷ್ಟು: ಮನುಷ್ಯ ವ್ಯಕ್ತಿಯನ್ನು ಪ್ರೀತಿಸಬೇಕು, ಬಳಸಕೂಡದು. ಪೋಪ್ ಆದ ಮೇಲೆ 1979ರಿಂದ 1984ರವರೆಗೆ ಬುಧವಾರಗಳಂದು ರೋಮಿನಲ್ಲಿ ಸೇರುತ್ತಿದ್ದ ಜನರಿಗೆ ದೇಹದ ಬಗ್ಗೆಯೇ 129 ಭಾಷಣಗಳನ್ನು ಮಾಡಿದರು. ನಾನು ಆ ಸಭೆಯವನಲ್ಲ. ಗರ್ಭನಿರೋಧದ ಬಗ್ಗೆ 1930ರಲ್ಲಿ ಆಂಗ್ಲಿಕನ್ ಬಿಷಪ್ಪರು ಹೇಳಿದ್ದು ಒಂದು, 1968ರಲ್ಲಿ ಪೋಪ್ ಆರನೆಯ ಪಾಲ್ ಹೇಳಿದ್ದು ಇನ್ನೊಂದು. ಸಲಿಂಗ ಪ್ರೇಮದ ಬಗ್ಗೆ ಇಂದಿಗೂ ಸಭೆಗಳ ನಡುವೆ ನೋವಿನ ಚರ್ಚೆ ನಡೆದೇ ಇದೆ. ಆದರೆ ಬಳಸಬೇಡ, ಪ್ರೀತಿಸು ಎಂಬ ಮಾತಿನಲ್ಲಿ ನನಗೂ ಆ ಪೋಪ್‌ಗೂ ಕೂದಲೆಳೆಯ ಅಂತರವೂ ಇಲ್ಲ.

ಆ ಗಂಡನನ್ನು ನಾನು ಕರೆಸಲಿಲ್ಲ. ಹೆಂಡತಿಯೇ ಅವನ ಹತ್ತಿರ ಮಾತನಾಡಿದರು. ಮೂರು ವಾರದ ಮೇಲೆ ತಾನಾಗಿಯೇ ಬಂದ. ಬಂದವನು ಮೊಬೈಲನ್ನು ಬೆಂಚಿನ ಮೇಲೆ ಕವುಚಿಟ್ಟ. ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ಗೆಳೆಯರು ತೋರಿಸಿದ್ದು, ಮೊದಲ ಸಲ ಹೊಟ್ಟೆ ತೊಳಸಿತ್ತು, ಆಮೇಲೆ ಅಭ್ಯಾಸವಾಯಿತು ಎಂದ.

ಅವನ ಮಾತು ಕೇಳುವಾಗ ನನಗೆ ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಬರೆದ ಅಲಿಪಿಯಸ್ ಎಂಬ ಗೆಳೆಯನ ಕಥೆ ನೆನಪಾಯಿತು. ಕಾನೂನು ಓದಲು ರೋಮಿಗೆ ಹೋಗಿದ್ದ ಅಲಿಪಿಯಸ್‌ಗೆ ಅಲ್ಲಿನ ಖಡ್ಗಮಲ್ಲರ ಕಾಳಗವೆಂದರೆ ಹೇಸಿಗೆ. ಜೊತೆಯ ಹುಡುಗರು ಬಲವಂತವಾಗಿ ಎಳೆದೊಯ್ದರು. ನನ್ನ ದೇಹವನ್ನು ಒಯ್ಯಬಹುದು, ಮನಸ್ಸನ್ನಲ್ಲ ಎಂದು ಅವನು ಕಣ್ಣು ಬಿಗಿಯಾಗಿ ಮುಚ್ಚಿ ಕುಳಿತ. ಕಿವಿ ಮುಚ್ಚಿಕೊಳ್ಳಲಿಲ್ಲ. ಯಾರೋ ಒಬ್ಬ ನೆಲಕ್ಕೆ ಬಿದ್ದಾಗ ಸಾವಿರಾರು ಜನ ಒಮ್ಮೆಲೇ ಕೂಗಿದರು. ಏನೇ ಆದರೂ ಗೆಲ್ಲಬಲ್ಲೆನೆಂಬ ಧೈರ್ಯದಲ್ಲಿ ಕಣ್ಣು ಬಿಟ್ಟ. ಆ ರಕ್ತವನ್ನು ನೋಡಿದ, ನೋಡುತ್ತ ಅಮಲೇರಿಸಿಕೊಂಡ. ಆಮೇಲೆ ಇತರರನ್ನೂ ಎಳೆದುಕೊಂಡು ಹೋಗುವವನಾದ. ಅದರಿಂದ ಬಿಡುಗಡೆಯಾಗಲು ಅವನಿಗೆ ಬಹಳ ಕಾಲ ಹಿಡಿಯಿತು. ಮುಂದೆ ಅವನೇ ಥಗಸ್ಟೆ ಎಂಬ ಊರಿನ ಬಿಷಪ್ ಆದ. ನಾನು ಕಥೆ ಮುಗಿಸಿದಾಗ ಆ ಮನುಷ್ಯ, "ನಾನೂ ಹಾಗೆಯೇ, ಗೆಲ್ಲಬಲ್ಲೆ ಎಂದುಕೊಂಡೇ ಪ್ರತಿ ಸಲ ಕಣ್ಣು ಬಿಟ್ಟಿದ್ದೇನೆ" ಎಂದ. ಸತ್ಯವೇದದ ಮೇಲೆ ಕೈಯಿಟ್ಟು ಎಷ್ಟೋ ಸಲ ಆಣೆ ಮಾಡಿದ್ದನಂತೆ. ಆಣೆಯನ್ನೇ ಇಡಬೇಡಿರಿ ಎಂದು ಅದೇ ಪರ್ವತ ಪ್ರಸಂಗದಲ್ಲಿ ಬರೆದಿದೆಯಲ್ಲಪ್ಪಾ ಎಂದೆ.

ಅವನಿಗೆ ನಾನು ಹೇಳಿದ್ದು ದೊಡ್ಡ ಮಾತುಗಳಲ್ಲ. ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕದ ಪ್ಲಗ್ಗಿಗೆ ಹಾಕು. ಬುಧವಾರ ಸಂಜೆ ಬಾ, ಬಿದ್ದಿದ್ದರೆ ಬಿದ್ದೆನೆಂದು ಹೇಳು. ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಿರಿ ಎಂದು ಯಾಕೋಬನು ಬರೆದದ್ದು ಇಂಥದ್ದಕ್ಕೇ. ಜೊತೆಗೆ ವೈದ್ಯರನ್ನೂ ಕಾಣಲು ಹೇಳಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಹತೋಟಿಗೆ ಸಿಗದ ಲೈಂಗಿಕ ವರ್ತನೆ ಒಂದು ಮಾನಸಿಕ ತೊಂದರೆಯಾಗಿ ಸೇರಿದೆ. ಆದರೆ ಬರಿಯ ಅಪರಾಧಪ್ರಜ್ಞೆ ಇದ್ದ ಮಾತ್ರಕ್ಕೆ ರೋಗವೆನ್ನಬಾರದು ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ನಮ್ಮಂಥ ಧರ್ಮಬೋಧಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಮ್ಮೆ ನೋಡಿ ಪಶ್ಚಾತ್ತಾಪಪಡುವ ಹದಿನೆಂಟರ ಹುಡುಗನಿಗೆ ನೀನು ವ್ಯಸನಿ ಎಂಬ ಹಣೆಪಟ್ಟಿ ಹಚ್ಚಿದರೆ ಅವನು ಅದನ್ನೇ ನಂಬಿಬಿಡುತ್ತಾನೆ. ಹುಡುಗಿಯರೂ ಇದಕ್ಕೆ ಸಿಕ್ಕಿಕೊಳ್ಳುತ್ತಾರೆ. ಗಂಡಸರ ಪಾಪವೆಂದೇ ನಾವು ಬೋಧಿಸುವುದರಿಂದ ಅವರಿಗೆ ಬಂದು ಹೇಳಿಕೊಳ್ಳಲು ಬಾಗಿಲೇ ಇಲ್ಲ.

ಒಂದು ಬುಧವಾರ ನಾವಿಬ್ಬರೂ ಲೂಕನ ಸುವಾರ್ತೆಯ ಏಳನೆಯ ಅಧ್ಯಾಯ ಓದಿದೆವು. ಧರ್ಮನಿಷ್ಠೆಗೆ ಹೆಸರಾದ ಫರಿಸಾಯರ ಪಂಗಡದ ಸೀಮೋನ ಎಂಬವನ ಮನೆಯಲ್ಲಿ ಊಟ. ಊರಿನಲ್ಲಿ ಕೆಟ್ಟ ಹೆಸರಾದ ಹೆಂಗಸೊಬ್ಬಳು ಒಳಗೆ ಬರುತ್ತಾಳೆ. ಯೇಸುವಿನ ಪಾದಗಳ ಬಳಿ ನಿಂತು ಅಳುತ್ತಾಳೆ, ಕಣ್ಣೀರಿನಿಂದ ನೆನೆದ ಪಾದಗಳನ್ನು ಕೂದಲಿನಿಂದ ಒರಸುತ್ತಾಳೆ, ಮುದ್ದಿಟ್ಟು ಸುಗಂಧತೈಲ ಹಚ್ಚುತ್ತಾಳೆ. ಸೀಮೋನನ ಕಣ್ಣು ಅವಳ ಮೇಲೇ ಇದೆ. ಇವಳು ಎಂಥವಳೆಂದು ಈತನಿಗೆ ತಿಳಿಯದೇ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ. ಆಗ ಯೇಸು ಆ ಹೆಂಗಸಿನ ಕಡೆಗೆ ತಿರುಗಿ, ಸೀಮೋನನಿಗೆ ಹೇಳುತ್ತಾರೆ: ಈ ಹೆಂಗಸನ್ನು ನೋಡುತ್ತೀಯಾ?

ಮುಖ ಅವಳ ಕಡೆಗೆ, ಮಾತು ಇವನ ಕಡೆಗೆ. ಆಮೇಲೆ ಅವಳು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತಾರೆ. ನೀನು ಕಾಲಿಗೆ ನೀರು ಕೊಡಲಿಲ್ಲ, ಇವಳು ಕಣ್ಣೀರಿನಿಂದ ತೊಳೆದಳು. ನೀನು ಮುದ್ದಿಡಲಿಲ್ಲ, ಇವಳು ಬಂದಾಗಿನಿಂದ ನಿಲ್ಲಿಸಲಿಲ್ಲ. ನೀನು ತಲೆಗೆ ಎಣ್ಣೆ ಹಚ್ಚಲಿಲ್ಲ, ಇವಳು ಪಾದಕ್ಕೆ ತೈಲ ಹಚ್ಚಿದಳು. ಇಷ್ಟೆಲ್ಲವನ್ನೂ ಅವರು ಗಮನಿಸಿದ್ದರು. ಊರಿನ ಗಂಡಸರು ಬಳಸುವುದಕ್ಕಾಗಿ ನೋಡಿದ್ದ, ಧರ್ಮಿಷ್ಠ ಸೀಮೋನ ಹೇಸುವುದಕ್ಕಾಗಿ ನೋಡಿದ್ದ ಒಬ್ಬಳನ್ನು ಆ ಮನೆಯಲ್ಲಿ ಒಬ್ಬರಾದರೂ ನೋಡಿದರು. ನಾನು ಇಷ್ಟು ಹೇಳಿ ತಲೆಯೆತ್ತಿದರೆ ಎದುರಿಗೆ ಕುಳಿತ ಮನುಷ್ಯ ಸತ್ಯವೇದವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. ಏನೂ ಮಾತನಾಡದೆ ಎದ್ದು ಹೋದ.

ಅದಾದ ಮೇಲೂ ಅವನು ಬಿದ್ದಿದ್ದಾನೆ. ಬುಧವಾರ ಬಂದು ಹೇಳಿದ್ದಾನೆ. ಬಾರದ ಬುಧವಾರಗಳೂ ಇವೆ.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಆ ಹೆಣ್ಣುಮಗಳು ಮತ್ತೆ ಅದೇ ಬಾಗಿಲ ಬಳಿ ಬಂದು ನಿಂತರು. ಹಿಂದಿನ ರಾತ್ರಿ ತಾವು ಪಾತ್ರೆ ತೊಳೆಯುತ್ತಿದ್ದಾಗ ಗಂಡ ಅಡುಗೆಮನೆಗೆ ಬಂದು ಮೊಬೈಲನ್ನು ಚಾರ್ಜಿಗೆ ಹಾಕಿದನಂತೆ. ಹಾಕಿದವನು ಅಲ್ಲೇ ನಿಂತು ತಮ್ಮ ಮುಖವನ್ನೇ ನೋಡಿದನಂತೆ. "ಕನ್ನಡಕ ಒತ್ತಿ ಮೂಗಿನ ಎಡಗಡೆ ಕೆಂಪಗೆ ಗುರುತಾಗಿದೆ. ನೋಯುವುದಿಲ್ಲವೇ? ನಾಳೆ ಅಂಗಡಿಗೆ ಹೋಗಿ ಸಡಿಲ ಮಾಡಿಸಿಕೊಂಡು ಬರೋಣ" ಎಂದನಂತೆ.

ಆಕೆ ಕನ್ನಡಕ ತೆಗೆದು ಆ ಗುರುತನ್ನು ನನಗೂ ತೋರಿಸಿದರು.

ನಮಸ್ಕಾರ.